ಎಲೆ ಹಾಕಿದವರು ಯಾರು?

ಮೂವತ್ತೊಂದು ವರ್ಷ ಪದವಿ ತರಗತಿಗಳಿಗೆ ರಾಜ್ಯಶಾಸ್ತ್ರ ಪಾಠ ಮಾಡಿದವನು ನಾನು. ಅಷ್ಟೂ ವರ್ಷ ಜಾನ್ ಲಾಕ್ ಮೇಲೆ ನೋಟ್ಸ್ ಬರೆಸಿದ್ದೇನೆ. ಸರ್ಕಾರದ ವಿಷಯವಾಗಿ ಆತ ಬರೆದದ್ದು ಎರಡು ಪ್ರಬಂಧ. ಅವುಗಳಲ್ಲಿ ಮೊದಲನೆಯದನ್ನು ನಾನು ಬಿಡಿಸಿ ನೋಡಿದ್ದು ನಿವೃತ್ತಿಯಾದ ಮೇಲೆ. ಅದನ್ನು ಓದಿಲ್ಲವೆಂದು ತರಗತಿಯಲ್ಲಿ ಹೇಳಿಕೊಳ್ಳುವ ಧೈರ್ಯ ಬರಲಿಲ್ಲ. ರೇಡಿಯೋದಲ್ಲಿ ಎದುರಿಗೆ ಯಾರೂ ಕೂತಿರುವುದಿಲ್ಲ ನೋಡಿ, ಹೇಳಿಬಿಟ್ಟೆ.

ಆ ಮೊದಲ ಪ್ರಬಂಧ ಪೂರ್ತಿ ರಾಬರ್ಟ್ ಫಿಲ್ಮರ್ ಎಂಬಾತನ ಜೊತೆಗಿನ ಜಗಳ. ದೇವರು ಆದಮನಿಗೆ ಕೊಟ್ಟ ತಂದೆಯ ಅಧಿಕಾರವೇ ತಲೆಮಾರಿನಿಂದ ತಲೆಮಾರಿಗೆ ಇಳಿದು ಈಗಿನ ರಾಜರಿಗೆ ಬಂದಿದೆ, ಆದ್ದರಿಂದ ಪ್ರಜೆ ಮಗುವಿನ ಹಾಗೆ ಹೇಳಿದ್ದು ಕೇಳಿಕೊಂಡಿರಬೇಕು ಅನ್ನುವುದು ಫಿಲ್ಮರನ ವಾದ. ಆತ ಸತ್ತದ್ದು 1653ರಲ್ಲಿ, ಪುಸ್ತಕ ಅಚ್ಚಾದದ್ದು 1680ರಲ್ಲಿ. ಇಂಗ್ಲೆಂಡಿನ ರಾಜಪಕ್ಷದವರಿಗೆ ಆ ಹೊತ್ತಿಗೆ ಅಂಥದೊಂದು ಪುಸ್ತಕ ಬೇಕಾಗಿತ್ತು. ಹಳೆಯ ಹಸ್ತಪ್ರತಿಯನ್ನು ಹುಡುಕಿ ಅಚ್ಚುಹಾಕಿದರು. ಅದಕ್ಕೆ ಉತ್ತರ ಕೊಟ್ಟ ಲಾಕ್ 1689ರಲ್ಲಿ ತನ್ನ ಪುಸ್ತಕವನ್ನು ಹೆಸರು ಹಾಕದೆ ಹೊರತಂದ. ಬರೆದವನು ತಾನೇ ಎಂದು ಒಪ್ಪಿಕೊಂಡದ್ದು 1704ರಲ್ಲಿ, ಉಯಿಲಿನಲ್ಲಿ. ಈಗ ಫಿಲ್ಮರನನ್ನು ಓದುವವರಿಲ್ಲ. ಅವನನ್ನು ಸೋಲಿಸಲೆಂದೇ ಬರೆದ ಪ್ರಬಂಧವನ್ನೂ ಓದುವವರಿಲ್ಲ. ಗೆದ್ದವನ ಅರ್ಧ ಪುಸ್ತಕ ಸೋತವನ ಜೊತೆಯಲ್ಲೇ ಮಣ್ಣಾಯಿತು. ಉಳಿದರ್ಧವನ್ನು ನಾವು ಹತ್ತು ಅಂಕದ ಪ್ರಶ್ನೆ ಮಾಡಿಕೊಂಡಿದ್ದೇವೆ.

ಪ್ಲೇಟೋ, ಅರಿಸ್ಟಾಟಲ್, ಮೆಕಿಯಾವೆಲಿ, ಹಾಬ್ಸ್, ಲಾಕ್, ರೂಸೋ, ಮಿಲ್, ಮಾರ್ಕ್ಸ್. ಈ ಹೆಸರುಗಳನ್ನು ನಮ್ಮ ಹುಡುಗರು ಮಗ್ಗಿಯ ಹಾಗೆ ಹೇಳುತ್ತಾರೆ. ಇದಕ್ಕೆ ವಿದ್ವಾಂಸರು ಕ್ಯಾನನ್ ಅನ್ನುತ್ತಾರೆ. ಕನ್ನಡದಲ್ಲಿ ಮೇರುಕೃತಿಗಳು, ಶ್ರೇಷ್ಠ ಪರಂಪರೆ ಎಂದೆಲ್ಲ ಬರೆಯುವುದುಂಟು. ನನಗೆ ಒಪ್ಪುವ ಮಾತು ಪಂಕ್ತಿ. ಮೇರು ಅಂದರೆ ತಾನಾಗಿಯೇ ಎದ್ದು ನಿಂತ ಬೆಟ್ಟ. ಅದನ್ನು ಅಲ್ಲಿಟ್ಟವರು ಯಾರು ಅಂತ ಯಾರೂ ಕೇಳುವುದಿಲ್ಲ. ಪಂಕ್ತಿ ಅಂದರೆ ಹಾಗಲ್ಲ. ಎಲೆ ಹಾಕಿದವರು, ಕರೆದು ಕೂರಿಸಿದವರು, ಜಗಲಿಯ ಮೇಲೆ ಕಾಯುತ್ತಿರುವವರು, ಹಿತ್ತಿಲ ಬಾಗಿಲಲ್ಲಿ ನಿಂತವರು ಎಲ್ಲರೂ ಕಣ್ಣಮುಂದೆ ಬರುತ್ತಾರೆ. ಪಂಕ್ತಿಭೇದ ಅನ್ನುವ ಮಾತೂ ಹಿಂದೆಯೇ ಬರುತ್ತದೆ.

ಕೂರುವುದಕ್ಕೆ ಮೊದಲು ಬದುಕಿರಬೇಕು. ಇದು ತಮಾಷೆಯ ಮಾತಲ್ಲ. ಹನ್ನೆರಡನೆಯ ಶತಮಾನದಲ್ಲಿ ಸ್ಪೇನಿನ ಕಾರ್ಡೋಬಾದಲ್ಲಿದ್ದ ಇಬ್ನ್ ರುಷ್ದ್ ಅರಿಸ್ಟಾಟಲನ ಗ್ರಂಥಗಳಿಗೆ ಒಂದಾದ ಮೇಲೊಂದು ವ್ಯಾಖ್ಯಾನ ಬರೆದ ಮಹಾಪಂಡಿತ. ಅವನ ಕೈಗೆ ಅರಿಸ್ಟಾಟಲನ ‘ಪಾಲಿಟಿಕ್ಸ್’ ಸಿಗಲಿಲ್ಲ. ಸಿಗದ್ದಕ್ಕೆ ಅದರ ಜಾಗದಲ್ಲಿ ಪ್ಲೇಟೋನ ‘ರಿಪಬ್ಲಿಕ್’ಗೆ ವ್ಯಾಖ್ಯಾನ ಬರೆದ. ಆ ವ್ಯಾಖ್ಯಾನದ ಅರಬ್ಬಿ ಮೂಲವೂ ಮುಂದೆ ಕಳೆದುಹೋಗಿ, ಹೀಬ್ರೂ ಅನುವಾದ ಮಾತ್ರ ಉಳಿಯಿತು. ಇತ್ತ ಯುರೋಪಿಗೆ ‘ಪಾಲಿಟಿಕ್ಸ್’ ಲ್ಯಾಟಿನ್ನಿನಲ್ಲಿ ಬಂದದ್ದು 1260ರ ಸುಮಾರಿಗೆ, ಮೊರ್‌ಬೆಕೆಯ ವಿಲಿಯಂ ಎಂಬ ಪಾದ್ರಿಯ ಅನುವಾದದಿಂದ. ಬಂದದ್ದೇ ತಡ, ಥಾಮಸ್ ಅಕ್ವಿನಾಸ್ ಅದರ ಮೇಲೆ ಬರೆಯಲು ಕೂತ. ಒಂದು ನಾಗರಿಕತೆಯ ರಾಜಕೀಯ ಚಿಂತನೆ ಪ್ಲೇಟೋನ ಕಡೆಗೂ ಇನ್ನೊಂದರದ್ದು ಅರಿಸ್ಟಾಟಲನ ಕಡೆಗೂ ವಾಲಿದ್ದಕ್ಕೆ ಎಷ್ಟೋ ದೊಡ್ಡ ಕಾರಣಗಳನ್ನು ಕೊಡುತ್ತಾರೆ. ಯಾವ ಊರಿಗೆ ಯಾವ ಪ್ರತಿ ತಲುಪಿತು ಅನ್ನುವುದನ್ನೂ ಆ ಕಾರಣಗಳ ಜೊತೆ ಸೇರಿಸಿಕೊಳ್ಳಬೇಕು.

ಸಿಸೆರೋನ ಕಥೆ ಇನ್ನೂ ವಿಚಿತ್ರ. ಗಣರಾಜ್ಯದ ಮೇಲೆ ಅವನು ಬರೆದ ಗ್ರಂಥ ಕೊನೆಯ ಒಂದು ತುಂಡನ್ನೂ ಬೇರೆಯವರು ಉದ್ಧರಿಸಿದ ಸಾಲುಗಳನ್ನೂ ಬಿಟ್ಟರೆ ಇಲ್ಲವಾಗಿತ್ತು. 1819ರಲ್ಲಿ ವ್ಯಾಟಿಕನ್ನಿನ ಗ್ರಂಥಪಾಲಕ ಆಂಜೆಲೋ ಮಾಯ್, ಬೈಬಲಿನ ಕೀರ್ತನೆಗಳಿಗೆ ಸಂತ ಅಗಸ್ಟೀನ ಬರೆದ ವ್ಯಾಖ್ಯಾನವಿದ್ದ ಒಂದು ಚರ್ಮದ ಹಸ್ತಪ್ರತಿಯಲ್ಲಿ, ಅಕ್ಷರಗಳ ಕೆಳಗೆ ಬೇರೆ ಅಕ್ಷರ ಇರುವುದನ್ನು ಕಂಡ. ಚರ್ಮ ದುಬಾರಿಯಾದ್ದರಿಂದ ಯಾವನೋ ಸನ್ಯಾಸಿ ಸಿಸೆರೋನನ್ನು ಕೆರೆದು ಅಳಿಸಿ, ಮೇಲೆ ಅಗಸ್ಟೀನನನ್ನು ಬರೆದುಕೊಂಡಿದ್ದ. ಅಗಸ್ಟೀನನೂ ಇದೇ ಪಂಕ್ತಿಯವನು ತಾನೆ! ಒಬ್ಬರ ಎಲೆಯ ಮೇಲೆ ಇನ್ನೊಬ್ಬರಿಗೆ ಬಡಿಸಿದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಇವೆಲ್ಲ ದೂರದ ಮಾತಾಯಿತು. ಇಂಥದೇ ಒಂದು ಸಂಗತಿ ನಮ್ಮ ಮೈಸೂರಿನಲ್ಲಿ ನಡೆದಿದೆ.

ಚಾಮರಾಜೇಂದ್ರ ಒಡೆಯರ ಕಾಲದಲ್ಲಿ, 1891ರಲ್ಲಿ, ಮೈಸೂರಿನಲ್ಲಿ ಓರಿಯಂಟಲ್ ಲೈಬ್ರರಿ ಶುರುವಾಯಿತು. ಊರೂರಿನ ಮಠ, ಮನೆಗಳಲ್ಲಿದ್ದ ತಾಳೆಗರಿ ಕಟ್ಟುಗಳನ್ನು ತರಿಸಿ ಇಡುವುದು, ಪ್ರತಿ ಮಾಡಿಸುವುದು, ಅಚ್ಚುಹಾಕಿಸುವುದು ಅದರ ಕೆಲಸ. ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಅಲ್ಲಿ ಗ್ರಂಥಪಾಲಕರಾಗಿದ್ದವರು ಕಾವೇರಿ ದಂಡೆಯ ರುದ್ರಪಟ್ಟಣದ ಶಾಮಶಾಸ್ತ್ರಿಗಳು. ತಂಜಾವೂರು ಜಿಲ್ಲೆಯ ಒಬ್ಬ ಪಂಡಿತರು ಗ್ರಂಥಲಿಪಿಯ ಒಂದು ತಾಳೆಗರಿ ಕಟ್ಟನ್ನು ಲೈಬ್ರರಿಗೆ ಒಪ್ಪಿಸಿದರು. ಜೊತೆಗೆ ಭಟ್ಟಸ್ವಾಮಿ ಎಂಬಾತ ಅದಕ್ಕೆ ಬರೆದ ವ್ಯಾಖ್ಯಾನದ ಒಂದು ಚೂರು. ಶಾಸ್ತ್ರಿಗಳು ಗರಿ ಬಿಡಿಸಿದರು. ಒಳಗಿದ್ದದ್ದು ಕೌಟಿಲ್ಯನ ಅರ್ಥಶಾಸ್ತ್ರ. ಹದಿನೈದು ಅಧಿಕರಣ, ನೂರೈವತ್ತು ಅಧ್ಯಾಯ. 1905ರಲ್ಲಿ ಅದರ ತುಣುಕುಗಳು ಇಂಗ್ಲಿಷಿನಲ್ಲಿ ಹೊರಬಂದವು, 1909ರಲ್ಲಿ ಸಂಸ್ಕೃತ ಮೂಲ ಮೈಸೂರಿನಲ್ಲಿ ಅಚ್ಚಾಯಿತು, 1915ರಲ್ಲಿ ಇಂಗ್ಲಿಷ್ ಅನುವಾದ ಪುಸ್ತಕವಾಗಿ ಬಂತು.

ಕಳೆದುಹೋದ ಪುಸ್ತಕ ಸಿಕ್ಕಿತು ಎಂದು ಎಲ್ಲರೂ ಬರೆಯುತ್ತಾರೆ. ಪುಸ್ತಕ ಕಳೆದುಹೋಗಿತ್ತು ಅನ್ನುವುದು ಯಾರ ಮಾತು? ತಂಜಾವೂರಿನ ಆ ಪಂಡಿತರ ಮನೆಯಲ್ಲಿ ಅದು ಕಳೆದುಹೋಗಿರಲಿಲ್ಲವಲ್ಲ. ತಾಳೆಗರಿ ನಮ್ಮ ಹವೆಯಲ್ಲಿ ಬಹಳ ಕಾಲ ತಡೆಯುವುದಿಲ್ಲ. ಹುಳು ಬೀಳುತ್ತದೆ, ಅಂಚು ಮುರಿಯುತ್ತದೆ, ದಾರ ಪೋಣಿಸಿದ ತೂತು ಹರಿಯುತ್ತದೆ. ಕೆಲವು ತಲೆಮಾರಿಗೊಮ್ಮೆ ಯಾರಾದರೂ ಕೂತು, ಕಂಟದಿಂದ ಕೊರೆದು, ಮಸಿ ತಿಕ್ಕಿ, ಹೊಸ ಪ್ರತಿ ಮಾಡಬೇಕು. ಅಂದರೆ ಸಾವಿರಕ್ಕೂ ಹೆಚ್ಚು ವರ್ಷ ಯಾರೋ ಒಬ್ಬರು ತಪ್ಪದೆ ಇದನ್ನು ನಕಲು ಮಾಡುತ್ತಲೇ ಬಂದಿದ್ದಾರೆ. ಕೇರಳದಲ್ಲಿ ಮಲಯಾಳ ಲಿಪಿಯ ಪ್ರತಿಗಳು ಸಿಕ್ಕಿವೆ, ಹಳೆಯ ಮಲಯಾಳದಲ್ಲಿ ಅರ್ಥ ಬಿಡಿಸಿದ ಒಂದು ವ್ಯಾಖ್ಯಾನವೂ ಇದೆ. ಹತ್ತನೆಯ ಶತಮಾನದ ಜೈನ ಪಂಡಿತ ಸೋಮದೇವಸೂರಿ ‘ನೀತಿವಾಕ್ಯಾಮೃತ’ ಬರೆಯುವಾಗ ಅರ್ಥಶಾಸ್ತ್ರ ಕೈಗೆಟಕುವಷ್ಟು ಹತ್ತಿರದಲ್ಲಿತ್ತು ಅನ್ನುವುದು ಎರಡನ್ನೂ ಪಕ್ಕದಲ್ಲಿಟ್ಟರೆ ತಿಳಿಯುತ್ತದೆ. ಈ ಸೋಮದೇವ ಬೇರೆ ಯಾರೋ ಅಲ್ಲ. ನಮ್ಮ ಪಂಪನಿಗೆ ಆಶ್ರಯ ಕೊಟ್ಟ ಅರಿಕೇಸರಿಯ ಮನೆತನದವರ ಬಳಿಯೇ ಇದ್ದವನು. ಬಾಣಭಟ್ಟ ‘ಕಾದಂಬರಿ’ಯಲ್ಲಿ ಕೌಟಿಲ್ಯನ ಶಾಸ್ತ್ರವನ್ನು ಕ್ರೂರವೆಂದು ಜರೆಯುತ್ತಾನೆ. ದಂಡಿಗೆ ಅದರ ಶ್ಲೋಕಸಂಖ್ಯೆಯೂ ಗೊತ್ತಿತ್ತು. ಹೊಗಳಿಕೆಯಷ್ಟೇ ಬೈಗುಳವೂ ಒಂದು ಪುಸ್ತಕವನ್ನು ಬದುಕಿಸುತ್ತದೆ.

ಪ್ರತಿ ಮಾಡಿದ ಆ ಕೈಗಳಿಗೆ ಹೆಸರಿಲ್ಲ. ತಂದುಕೊಟ್ಟ ಪಂಡಿತರೂ ಚರಿತ್ರೆಯಲ್ಲಿ ‘ತಂಜಾವೂರು ಜಿಲ್ಲೆಯ ಒಬ್ಬ ಪಂಡಿತ’ ಆಗಿಯೇ ಉಳಿದರು.

ಬರಿ ಸಿಕ್ಕಿದರೆ ಸಾಲದು. ಸಿಕ್ಕ ಹಸ್ತಪ್ರತಿಗಳು ಲೈಬ್ರರಿಗಳಲ್ಲಿ ಸಾವಿರಗಟ್ಟಲೆ ಇವೆ, ಕ್ಯಾಟಲಾಗಿನಲ್ಲಿ ಒಂದು ನಂಬರು ಪಡೆದು ಮಲಗಿವೆ. ಇದೊಂದು ಯಾಕೆ ಎದ್ದು ಓಡಾಡಿತು? ಇದಕ್ಕೆ ಉತ್ತರ ಮೈಸೂರಿನಲ್ಲಿಲ್ಲ, ನ್ಯೂಯಾರ್ಕಿನಲ್ಲಿದೆ. 1902ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ವಿಲಿಯಂ ಡನಿಂಗ್ ರಾಜಕೀಯ ಸಿದ್ಧಾಂತಗಳ ಚರಿತ್ರೆಯ ಮೊದಲ ಸಂಪುಟ ಪ್ರಕಟಿಸಿದರು. ಅದರ ಆರಂಭದಲ್ಲೇ ಅವರು ಬೇಲಿ ಹಾಕಿಬಿಟ್ಟರು: ಪೂರ್ವದೇಶದ ಆರ್ಯರು ರಾಜಕೀಯವನ್ನು ದೇವರು ದಿಂಡರ ತತ್ವದಿಂದ ಬಿಡಿಸಿಕೊಳ್ಳಲೇ ಇಲ್ಲ, ಹಾಗಾಗಿ ಚರಿತ್ರೆ ಬರೆಯಬೇಕಾದದ್ದು ಯುರೋಪಿನವರದ್ದು ಅನ್ನುವ ಅರ್ಥದಲ್ಲಿ. ಆ ಕಾಲದಲ್ಲಿ ಇದು ಬರೀ ಪಂಡಿತರ ಅಭಿಪ್ರಾಯವಾಗಿರಲಿಲ್ಲ. ಹಿಂದೂಸ್ಥಾನದವರಿಗೆ ಧ್ಯಾನ ಗೊತ್ತು, ಆಡಳಿತ ಗೊತ್ತಿಲ್ಲ; ಆದ್ದರಿಂದ ಆಳಲು ನಾವು ಬೇಕು ಅನ್ನುವ ಸಾಮ್ರಾಜ್ಯದ ಮಾತಿಗೆ ಅದು ಆಧಾರದ ಕಂಬ.

ಮೂರು ವರ್ಷದ ಮೇಲೆ 1905. ಕರ್ಜನ್ ಬಂಗಾಳವನ್ನು ಒಡೆದ ವರ್ಷ, ಸ್ವದೇಶಿ ಚಳವಳಿ ಎದ್ದ ವರ್ಷ. ಅದೇ ವರ್ಷ ಮೈಸೂರಿನಿಂದ ಸುದ್ದಿ: ಗಣಿ, ಸುಂಕ, ಸೈನ್ಯ, ಗೂಢಚಾರರು, ತೂಕ ಅಳತೆ, ಗುಮಾಸ್ತರ ಲೆಕ್ಕ ಎಲ್ಲವೂ ಇರುವ, ದೇವರಿಗೆ ಬಲು ಕಡಿಮೆ ಕೆಲಸವಿರುವ ಗ್ರಂಥವೊಂದು ಸಿಕ್ಕಿದೆ! ಕಾಯುತ್ತಿದ್ದವರು ಎಷ್ಟು ಜನ ಇದ್ದಿರಬೇಕು ಊಹಿಸಿ. ಕಾಶಿಪ್ರಸಾದ ಜಾಯಸ್ವಾಲರ ‘ಹಿಂದೂ ಪಾಲಿಟಿ’ 1924ರಲ್ಲಿ ಬಂತು, ಘೋಷಾಲರ ಹಿಂದೂ ರಾಜಕೀಯ ಸಿದ್ಧಾಂತಗಳ ಚರಿತ್ರೆ ಅದಕ್ಕೆ ಒಂದು ವರ್ಷ ಮೊದಲು. ಜಾಯಸ್ವಾಲರು ಹಳೆಯ ಭಾರತದಲ್ಲಿ ಗಣರಾಜ್ಯಗಳಿದ್ದವು, ಸಭೆಗಳಿದ್ದವು, ನಾವು ಸ್ವರಾಜ್ಯಕ್ಕೆ ಹೊಸಬರಲ್ಲ ಎಂದು ವಾದಿಸಿದರು. ಅದಕ್ಕೆ ಅರ್ಥಶಾಸ್ತ್ರವೂ ಸಾಕ್ಷಿ ಹೇಳಬೇಕಾಯಿತು. ಆ ಗ್ರಂಥದ ಹನ್ನೊಂದನೆಯ ಅಧಿಕರಣದಲ್ಲಿ ಸಂಘಗಳ ವಿಷಯ ಬರುವುದು ನಿಜ. ಬರುವುದು ಯಾಕೆಂದರೆ, ಅಂಥ ಸಂಘಗಳನ್ನು ರಾಜ ಹೇಗೆ ಒಡೆಯಬೇಕು, ಮುಖಂಡರ ನಡುವೆ ಹೇಗೆ ಹುಳಿ ಹಿಂಡಬೇಕು ಎಂದು ಹೇಳಿಕೊಡುವುದಕ್ಕೆ! ಸ್ವಾತಂತ್ರ್ಯದ ಪರ ಸಾಕ್ಷಿ ಹೇಳಲು ಬಂದವನು ಪೊಲೀಸರ ಕಡೆಯವನು ಅಂತ ಆಗ ಯಾರೂ ಅಷ್ಟಾಗಿ ಎತ್ತಾಡಲಿಲ್ಲ.

ಇನ್ನೊಂದು ಬಾಗಿಲು ಜರ್ಮನಿಯಲ್ಲಿ ತೆರೆಯಿತು. ಯಾಕೋಬಿ, ಯೋಲಿ, ವಿಂಟರ್‌ನಿಟ್ಸ್ ಮೊದಲಾದ ಸಂಸ್ಕೃತ ಪಂಡಿತರು ಗ್ರಂಥದ ಕಾಲ, ಕರ್ತೃವಿನ ಬಗ್ಗೆ ಕಾದಾಡುತ್ತಿದ್ದರು. 1919ರ ಜನವರಿಯಲ್ಲಿ, ಸೋತ ದೇಶದ ಮ್ಯೂನಿಕ್ ನಗರದಲ್ಲಿ, ಮ್ಯಾಕ್ಸ್ ವೇಬರ್ ರಾಜಕಾರಣ ಎಂಬ ವೃತ್ತಿಯ ಮೇಲೆ ವಿದ್ಯಾರ್ಥಿಗಳಿಗೆ ಭಾಷಣ ಮಾಡಿದ. ಅದರಲ್ಲಿ ಅರ್ಥಶಾಸ್ತ್ರವನ್ನು ಹೆಸರಿಸಿ, ಅದರ ಮುಂದೆ ಮೆಕಿಯಾವೆಲಿಯ ‘ಪ್ರಿನ್ಸ್’ ಏನೂ ಕೆಡುಕಿಲ್ಲದ ಪುಸ್ತಕ ಅನ್ನುವಂತೆ ಹೇಳಿದ. ಆ ಭಾಷಣ ಜಗತ್ತಿನ ಎಲ್ಲ ರಾಜ್ಯಶಾಸ್ತ್ರ ವಿಭಾಗಗಳಿಗೂ ಹೋಯಿತು, ಅದರ ಬೆನ್ನೇರಿ ಕೌಟಿಲ್ಯನೂ ಹೋದ. ಮೈಸೂರಿನಲ್ಲಿ ಅಚ್ಚಾದ ಹತ್ತು ವರ್ಷಕ್ಕೆ ಇಷ್ಟು ದೂರ! ‘ಪ್ರಿನ್ಸ್’ಗೆ ಇಷ್ಟು ಬೇಗ ಎಲೆ ಬೀಳಲಿಲ್ಲ. 1513ರಲ್ಲಿ ಬರೆದದ್ದು ಅಚ್ಚಾದದ್ದು 1532ರಲ್ಲಿ, ಬರೆದವನು ಸತ್ತು ಐದು ವರ್ಷಕ್ಕೆ. 1559ರಲ್ಲಿ ಚರ್ಚು ಅದನ್ನು ನಿಷೇಧಿತ ಪಟ್ಟಿಗೆ ಹಾಕಿತು.

ಆದರೆ ಯಾವ ಬಾಗಿಲಿನಿಂದ ಒಳಗೆ ಬಂದೆ ಅನ್ನುವುದರ ಮೇಲೆ ಎಲ್ಲಿ ಕೂರಿಸುತ್ತಾರೆ ಅನ್ನುವುದು ನಿಂತಿದೆ. ವೇಬರನ ಬಾಗಿಲಿನಿಂದ ಬಂದ ಕೌಟಿಲ್ಯ ‘ಭಾರತದ ಮೆಕಿಯಾವೆಲಿ’ ಆದ. ಬರೆಸಿದ್ದೇನೆ, ನಾನೇ ಬರೆಸಿದ್ದೇನೆ: ಕೌಟಿಲ್ಯ ಮತ್ತು ಮೆಕಿಯಾವೆಲಿ, ಹೋಲಿಕೆಗಳು ಐದು, ವ್ಯತ್ಯಾಸಗಳು ಐದು. ಕ್ರಿಸ್ತಶಕದ ಆಚೀಚೆಯ ಒಂದು ಗ್ರಂಥಕ್ಕೆ ಹದಿನಾರನೆಯ ಶತಮಾನದ ಫ್ಲಾರೆನ್ಸಿನವನು ಅಳತೆಗೋಲು. ತಾತನನ್ನು ನೋಡಿ, ಥೇಟ್ ಮೊಮ್ಮಗನ ಮೂಗು ಅಂದ ಹಾಗೆ.

ಇಲ್ಲಿ ನನಗೆ ಬಹಳ ಕುತೂಹಲದ್ದೆನಿಸುವ ಒಂದು ಸಣ್ಣ ವಿಷಯ ಹೇಳಬೇಕು. 1905ರಲ್ಲಿ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಶಾಮಶಾಸ್ತ್ರಿಗಳು ಈ ಗ್ರಂಥದ ಬಗ್ಗೆ ಬರೆದದ್ದು ಯಾವುದರ ಮೇಲೆ? ಬೇಹುಗಾರಿಕೆಯ ಮೇಲಲ್ಲ, ವಿಷಕನ್ಯೆಯ ಮೇಲಲ್ಲ. ಚಾಣಕ್ಯನ ಭೂಮಿ ಮತ್ತು ಕಂದಾಯ ನೀತಿಯ ಮೇಲೆ. ಮೈಸೂರು ಸಂಸ್ಥಾನದ ಒಬ್ಬ ಗ್ರಂಥಪಾಲಕನಿಗೆ ಆ ರಾಶಿಯಲ್ಲಿ ಮೊದಲು ಎತ್ತಿ ತೋರಿಸಬೇಕೆನಿಸಿದ್ದು ಜಮೀನು, ಕೆರೆ, ತೆರಿಗೆ. ಅವರು ತೆರೆದ ಬಾಗಿಲು ಅದು. ಆ ಬಾಗಿಲಲ್ಲಿ ಹೆಚ್ಚು ಜನ ಬರಲಿಲ್ಲ, ಅಷ್ಟೆ.

ಪಂಕ್ತಿಗೆ ಇನ್ನೊಂದು ಹಟ ಇದೆ: ಎಲೆಯ ಮುಂದೆ ಒಬ್ಬ ಮನುಷ್ಯ ಕೂತಿರಬೇಕು. ಗ್ರಂಥಕ್ಕೆ ಒಬ್ಬ ಕರ್ತೃ, ಅವನಿಗೊಂದು ಜೀವನ, ಸಾಧ್ಯವಾದರೆ ಒಂದು ಭಾವಚಿತ್ರ. ಅರ್ಥಶಾಸ್ತ್ರ ಇದಕ್ಕೆ ಸುಲಭವಾಗಿ ಒಗ್ಗುವುದಿಲ್ಲ. 1971ರಲ್ಲಿ ಥಾಮಸ್ ಟ್ರಾಟ್‌ಮನ್ ಸಣ್ಣಪುಟ್ಟ ಪದಗಳ ಬಳಕೆಯನ್ನು ಎಣಿಸಿ, ಇದು ಒಂದೇ ಕೈಯ ಬರಹವಲ್ಲ ಎಂದು ವಾದಿಸಿದರು. 2013ರಲ್ಲಿ ಹೊಸ ಅನುವಾದ ತಂದ ಪ್ಯಾಟ್ರಿಕ್ ಒಲಿವೆಲ್ ಗ್ರಂಥವನ್ನು ಮೌರ್ಯರಿಗಿಂತ ಎಷ್ಟೋ ಈಚೆಗೆ ತಂದರು. ಶಾಮಶಾಸ್ತ್ರಿಗಳ ಪಕ್ಷದವರು ಚಂದ್ರಗುಪ್ತನ ಮಂತ್ರಿಯೇ ಕರ್ತೃ ಅನ್ನುವುದನ್ನು ಬಿಡಲಿಲ್ಲ. ಬಿಟ್ಟರೆ ಕಥೆ ಹೋಗುತ್ತದಲ್ಲ! ಜುಟ್ಟು ಬಿಚ್ಚಿ ಶಪಥ ಮಾಡಿದ ಬ್ರಾಹ್ಮಣ, ನಂದರ ನಾಶ, ಹುಡುಗನನ್ನು ಹಿಡಿದು ಚಕ್ರವರ್ತಿ ಮಾಡಿದ್ದು. ನಮ್ಮ ವಡ್ಡಾರಾಧನೆಯಲ್ಲಿ ಚಾಣಕ್ಯನದೂ ಒಂದು ಕಥೆ. ಅಲ್ಲಿ ಅವನು ಜೈನ ಋಷಿ. ಒಂದೇ ಹೆಸರಿನವನು ಒಂದು ಕಡೆ ರಾಜ್ಯ ಕಟ್ಟುವ ಕುಟಿಲ, ಇನ್ನೊಂದು ಕಡೆ ಎಲ್ಲ ಬಿಟ್ಟು ಹೋದ ಸನ್ಯಾಸಿ. ಬೆಳಗಾದರೆ ಮೊಬೈಲಿನಲ್ಲಿ ಗುಲಾಬಿ ಹೂವಿನ ಜೊತೆ ಬರುವ ಚಾಣಕ್ಯ ನೀತಿ ಮೂರನೆಯದು. ಅದು ಬೇರೆಯೇ ಸುಭಾಷಿತಗಳ ಸಂಗ್ರಹ, ಅರ್ಥಶಾಸ್ತ್ರಕ್ಕೂ ಅದಕ್ಕೂ ಹೆಸರಿನ ನಂಟು ಮಾತ್ರ. 1937ರಲ್ಲಿ ಜವಾಹರಲಾಲ್ ನೆಹರು ‘ಮಾಡರ್ನ್ ರಿವ್ಯೂ’ ಪತ್ರಿಕೆಯಲ್ಲಿ ತನ್ನನ್ನು ತಾನೇ ಟೀಕಿಸಿಕೊಂಡು, ಈತ ಸರ್ವಾಧಿಕಾರಿಯಾದಾನು, ಹುಷಾರು ಎಂದು ಬರೆದಾಗ ಇಟ್ಟುಕೊಂಡ ಗುಪ್ತನಾಮವೂ ಚಾಣಕ್ಯ.

ಎಲೆ ಸಿಗದವರ ಮಾತಿಗೆ ಬರೋಣ. ಕಲ್ಯಾಣ ಚಾಲುಕ್ಯರ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ‘ಮಾನಸೋಲ್ಲಾಸ’ ಬರೆದ. ಐದು ಭಾಗ, ಭಾಗಕ್ಕೆ ಇಪ್ಪತ್ತು ಅಧ್ಯಾಯ. ಮೊದಲನೆಯದು ರಾಜ್ಯವನ್ನು ಪಡೆಯುವ ಬಗ್ಗೆ, ಎರಡನೆಯದು ಪಡೆದದ್ದನ್ನು ಉಳಿಸಿಕೊಳ್ಳುವ ಬಗ್ಗೆ. ಬರೆದವನು ಮಂತ್ರಿಯೂ ಅಲ್ಲ, ಸಾಕ್ಷಾತ್ ರಾಜ. ಕರ್ತೃ ಯಾರು ಎಂಬ ಜಗಳವಿಲ್ಲ, ಕಾಲದ ಜಗಳವಿಲ್ಲ. ಆದರೂ ರಾಜಕೀಯ ಚಿಂತನೆಯ ಯಾವ ಪತ್ರಿಕೆಯಲ್ಲೂ ಅವನ ಮೇಲೆ ಪ್ರಶ್ನೆ ಬಂದದ್ದು ನಾನು ಕಂಡಿಲ್ಲ. ಕಾರಣ, ಉಳಿದ ಭಾಗಗಳಲ್ಲಿ ಅವನು ಅಡುಗೆ, ಸಂಗೀತ, ಆನೆ ಕುದುರೆ ಆಟ ಎಲ್ಲವನ್ನೂ ಬರೆದುಬಿಟ್ಟ. ಇಡ್ಲಿಯ ಪೂರ್ವಜ ಇರಬಹುದಾದ ಒಂದು ತಿಂಡಿ, ಸುಟ್ಟ ಹೊಲದಿಲಿ, ಇವುಗಳಿಗಾಗಿ ಅಡುಗೆಯ ಚರಿತ್ರೆ ಬರೆಯುವವರು ಅವನನ್ನು ಬಿಡದೆ ನೆನೆಯುತ್ತಾರೆ. ರಾಜ್ಯ ಉಳಿಸಿಕೊಳ್ಳುವ ವಿದ್ಯೆ ಬರೆದ ದೊರೆಯನ್ನು ನಾವು ಪಂಕ್ತಿಯಲ್ಲಿ ಕೂರಿಸದೆ ಅಡುಗೆಮನೆಗೆ ಕಳಿಸಿದ್ದೇವೆ. ರಾಜ್ಯಶಾಸ್ತ್ರದ ಪುಸ್ತಕ ಹೇಗಿರಬೇಕು ಅನ್ನುವ ಅಚ್ಚು ಮೊದಲೇ ತಯಾರಾಗಿದೆ, ಹುಣಸೆಹುಳಿ ಬೆಲ್ಲ ಅದರೊಳಗೆ ಹಿಡಿಸುವುದಿಲ್ಲ.

ಎಲೆ ತಡವಾಗಿ ಬಿದ್ದವರೂ ಇದ್ದಾರೆ. ಅರ್ಥಶಾಸ್ತ್ರದ ಮೂಲ ಅಚ್ಚಾದ ಅದೇ 1909ರ ನವೆಂಬರಿನಲ್ಲಿ, ಲಂಡನ್ನಿನಿಂದ ದಕ್ಷಿಣ ಆಫ್ರಿಕಕ್ಕೆ ಹೊರಟ ಕಿಲ್ಡೊನಾನ್ ಕ್ಯಾಸಲ್ ಎಂಬ ಹಡಗಿನಲ್ಲಿ ನಲವತ್ತು ವರ್ಷದ ವಕೀಲರೊಬ್ಬರು ಹಡಗಿನ ಕಾಗದದ ಮೇಲೆ ಹತ್ತು ದಿನ ಬಿಡದೆ ಬರೆದರು. ಬಲಗೈ ಸೋತಾಗ ಎಡಗೈಯಲ್ಲಿ ಬರೆದರು. ಅದು ‘ಹಿಂದ್ ಸ್ವರಾಜ್’. ಮುಂದಿನ ವರ್ಷ ಮುಂಬಯಿ ಸರ್ಕಾರ ಅದನ್ನು ನಿಷೇಧಿಸಿತು. ಗಾಂಧೀಜಿ ಗುರುವೆಂದು ಭಾವಿಸಿದ್ದ ಗೋಖಲೆಯವರಿಗೇ ಅದು ಒರಟಾಗಿ, ಅವಸರದ್ದಾಗಿ ಕಂಡಿತು. ಭಾರತದಲ್ಲಿ ಒಂದು ವರ್ಷ ಇದ್ದರೆ ನೀವೇ ಇದನ್ನು ಹರಿದುಹಾಕುತ್ತೀರಿ ಅಂದರಂತೆ. ಗಾಂಧಿ ಹರಿದುಹಾಕಲಿಲ್ಲ. 1997ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಮುದ್ರಣಾಲಯ ತನ್ನ ರಾಜಕೀಯ ಗ್ರಂಥಮಾಲೆಯಲ್ಲಿ ಆ್ಯಂಟನಿ ಪರೇಲ್ ಸಂಪಾದಿಸಿದ ಪ್ರತಿಯನ್ನು ತಂದಮೇಲೆ ಪರದೇಶದ ತರಗತಿಗಳಲ್ಲೂ ಅದು ಪಠ್ಯವಾಯಿತು. ಪುಸ್ತಕದಲ್ಲಿ ಒಂದಕ್ಷರ ಬದಲಾಗಿರಲಿಲ್ಲ, ಬದಲಾದದ್ದು ರಟ್ಟು ಮತ್ತು ಅಡಿಟಿಪ್ಪಣಿ. ಅಂಬೇಡ್ಕರರ ‘ಜಾತಿವಿನಾಶ’ಕ್ಕೆ 1936ರಲ್ಲಿ ಲಾಹೋರಿನಲ್ಲಿ ವೇದಿಕೆಯೇ ತಪ್ಪಿತು. ಕರೆದವರು ಭಾಷಣ ಓದಿ ಹೆದರಿ ಸಭೆಯನ್ನೇ ರದ್ದು ಮಾಡಿದರು. ಅಂಬೇಡ್ಕರರೇ ಸ್ವಂತ ಖರ್ಚಿನಲ್ಲಿ ಸಾವಿರದ ಐನೂರು ಪ್ರತಿ ಅಚ್ಚುಹಾಕಿಸಿದರು, ಎರಡು ತಿಂಗಳಲ್ಲಿ ಮುಗಿದುಹೋಯಿತು. ಓದುವವರ ಬರ ಯಾವತ್ತೂ ಇರಲಿಲ್ಲ. ಸಂಘಟನೆಗಳಲ್ಲಿ, ಹಾಸ್ಟೆಲುಗಳಲ್ಲಿ, ಕೈಯಿಂದ ಕೈಗೆ ಹೋಗುತ್ತಲೇ ಇತ್ತು. ನನ್ನ ವಿದ್ಯಾರ್ಥಿದೆಸೆಯಲ್ಲಿ ನನಗೆ ಪಾಠ ಹೇಳಿದ ಯಾರೂ ಅದರ ಹೆಸರು ಎತ್ತಲಿಲ್ಲ. ಮಹಾರಾಷ್ಟ್ರ ಸರ್ಕಾರದ ಸಂಪುಟಗಳು 1979ರಿಂದ ಬರತೊಡಗಿದ ಮೇಲೆಯೇ ವಿಶ್ವವಿದ್ಯಾಲಯಗಳು ನಿಧಾನವಾಗಿ ಕಣ್ಣುಬಿಟ್ಟವು. ಇಲ್ಲಿಯೂ ಪಂಕ್ತಿಯೇ ತಡವಾಗಿ ಬಂದದ್ದು, ಅವರಲ್ಲ.

ನಾನೂ ಒಮ್ಮೆ ಎಲೆ ಹಾಕಿದವನೇ. ಪಠ್ಯಕ್ರಮ ಮಂಡಳಿಯಲ್ಲಿ ಸದಸ್ಯನಾಗಿದ್ದೆ, ಯಾವ ವಿಶ್ವವಿದ್ಯಾಲಯ ಅನ್ನುವುದು ಬೇಡ. ಐದು ಯೂನಿಟ್ಟು, ಯೂನಿಟ್ಟಿಗೆ ಇಬ್ಬರು ಚಿಂತಕರು ಎಂದು ಮೊದಲೇ ತೀರ್ಮಾನವಾಗಿತ್ತು. ಮೇರಿ ವುಲ್‌ಸ್ಟನ್‌ಕ್ರಾಫ್ಟ್ ಇರಲಿ ಎಂದು ಒಬ್ಬ ಅಧ್ಯಾಪಕಿ ಕೇಳಿದರು. ಸ್ತ್ರೀಯರ ಹಕ್ಕುಗಳ ಬಗ್ಗೆ 1792ರಲ್ಲೇ ಪುಸ್ತಕ ಬರೆದವಳು. ಅವಳು ಸತ್ತ ಮರುವರ್ಷ ಗಂಡ ಒಳ್ಳೆಯ ಮನಸ್ಸಿನಿಂದಲೇ ಅವಳ ಜೀವನಚರಿತ್ರೆ ಬರೆದು ಖಾಸಗಿ ವಿಷಯಗಳನ್ನೆಲ್ಲ ಹೇಳಿದ್ದರಿಂದ, ಮುಂದಿನ ನೂರು ವರ್ಷ ಮರ್ಯಾದಸ್ಥರು ಅವಳ ಹೆಸರೆತ್ತಲು ಹಿಂಜರಿದರು. ನಮ್ಮ ಮಂಡಳಿಗೆ ಅದಾವುದೂ ಅಡ್ಡಿಯಾಗಲಿಲ್ಲ. ಹಿರಿಯರೊಬ್ಬರು ಕೇಳಿದ್ದು ಒಂದೇ ಪ್ರಶ್ನೆ: ‘ಕನ್ನಡದಲ್ಲಿ ಗೈಡ್ ಇದೆಯಾ?’ ಇರಲಿಲ್ಲ. ಕಾಫಿ ಬಂತು, ಮುಂದಿನ ವಿಷಯಕ್ಕೆ ಹೋದೆವು. ನಾನು ಬಾಯಿ ಬಿಡಲಿಲ್ಲ.

ನಿವೃತ್ತಿಗೆ ಒಂದೆರಡು ವರ್ಷ ಇರುವಾಗ ಪಾಠ ಮಾಡುವ ರೀತಿ ಸ್ವಲ್ಪ ಬದಲಾಯಿ‍ಸಿದೆ. ಹೋಲಿಕೆ ಐದು, ವ್ಯತ್ಯಾಸ ಐದು ಬಿಟ್ಟು, ಅರ್ಥಶಾಸ್ತ್ರದ ಎರಡನೆಯ ಅಧಿಕರಣವನ್ನೇ ತರಗತಿಗೆ ಒಯ್ದೆ. ಗ್ರಂಥದಲ್ಲಿ ಅತ್ಯಂತ ಉದ್ದದ ಭಾಗ ಅದು, ಪರೀಕ್ಷೆಗೆ ಮಾತ್ರ ಬರುವುದಿಲ್ಲ. ಅಲ್ಲಿ ಅಧ್ಯಕ್ಷರ ಒಂದು ದಂಡೇ ಇದೆ: ಸುಂಕಕ್ಕೊಬ್ಬ, ಹೆಂಡಕ್ಕೊಬ್ಬ, ದನಗಳಿಗೊಬ್ಬ, ದೋಣಿಗೊಬ್ಬ. ನೂಲಿಗೊಬ್ಬ ಸೂತ್ರಾಧ್ಯಕ್ಷ. ವಿಧವೆಯರು, ಅಂಗವಿಕಲ ಹೆಂಗಸರು, ದಂಡ ತೀರಿಸಲು ದುಡಿಯುವವರು, ದೇವಾಲಯದ ಸೇವೆ ಮುಗಿದವರು, ಅರಮನೆಯ ಮುದಿ ದಾಸಿಯರು, ಇವರಿಂದ ನೂಲು ತೆಗೆಸುವುದು ಅವನ ಕೆಲಸ. ನೂಲಿನ ನಯ ನೋಡಿ ಕೂಲಿ. ಮನೆಯಿಂದ ಹೊರಗೆ ಬಾರದ ಹೆಂಗಸರಿಗೆ ದಾಸಿಯರ ಕೈಯಲ್ಲಿ ಕೆಲಸ ಕಳಿಸಬೇಕು. ತಾವೇ ನೂಲಿನ ಶಾಲೆಗೆ ಬರುವವರು ಬೆಳಗಿನ ಜಾವ ಬಂದು ನೂಲು ಕೊಟ್ಟು ಕೂಲಿ ಒಯ್ಯಬೇಕು. ಅಲ್ಲಿ ದೀಪ ನೂಲು ಪರೀಕ್ಷಿಸುವಷ್ಟಕ್ಕೆ ಮಾತ್ರ. ಅಧಿಕಾರಿ ಹೆಂಗಸಿನ ಮುಖ ನೋಡಿದರೆ, ಕೆಲಸ ಬಿಟ್ಟು ಬೇರೆ ಮಾತಾಡಿದರೆ ಮೊದಲ ದರ್ಜೆಯ ದಂಡ. ಕೂಲಿ ಕೊಡಲು ತಡಮಾಡಿದರೆ ಮಧ್ಯಮ ದರ್ಜೆಯದು. ಗ್ರಂಥದಲ್ಲೇ ಬೇರೆ ಕಡೆ ಲೆಕ್ಕವಿದೆ: ಮೊದಲನೆಯದು 48ರಿಂದ 96 ಪಣ, ಮಧ್ಯಮ 200ರಿಂದ 500. ಮುಖ ನೋಡಿದ್ದಕ್ಕಿಂತ ಕೂಲಿ ತಡಮಾಡಿದ್ದೇ ದೊಡ್ಡ ತಪ್ಪು. ಅದರ ಮುಂದಿನ ಸಾಲನ್ನೂ ಓದಿದೆ, ಓದದೆ ಬಿಡಲಾಗುತ್ತಿರಲಿಲ್ಲ: ಕೂಲಿ ಪಡೆದು ಕೆಲಸ ಮಾಡದ ಹೆಂಗಸಿನ ಹೆಬ್ಬೆರಳು ಕತ್ತರಿಸಬೇಕು.

ಹಿಂದಿನ ಬೆಂಚಿನಲ್ಲಿ ಒಬ್ಬ ಹುಡುಗಿ ಕೂರುತ್ತಿದ್ದಳು. ತಾಯಿ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಹೊಲಿಗೆ ಕೆಲಸ. ವರ್ಷವಿಡೀ ಮಾತಾಡದವಳು ಆವತ್ತು ಎದ್ದು ನಿಂತಳು.

‘ಸರ್, ಆ ಐನೂರು ಪಣ ಯಾರಿಗೆ ಸಿಗ್ತಿತ್ತು? ಕೂಲಿ ತಡವಾದ ಹೆಂಗಸಿಗಾ?’

ದಂಡ ಬೊಕ್ಕಸಕ್ಕೆ ಹೋಗುತ್ತದಮ್ಮ, ಅಂದೆ.

‘ಹೆಬ್ಬೆರಳು?’ ಅಂದಳು.

ನೋಟ್ಸಿನಲ್ಲಿ ಅದಕ್ಕೆ ಉತ್ತರ ಇರಲಿಲ್ಲ. ಗಂಟೆ ಹೊಡೆಯುವುದಕ್ಕೆ ಇನ್ನೂ ಇಪ್ಪತ್ತು ನಿಮಿಷ ಇತ್ತು. ಪುಸ್ತಕವನ್ನು ಅವಳ ಬೆಂಚಿನ ಮೇಲಿಟ್ಟು, ಮುಂದಿನದನ್ನು ನೀನೇ ಓದು ಅಂದೆ.